ಮೂರು ಕೆಂಪು ದೀಪಗಳು ಕಲಿಸಿದ ಪಾಠ

2005ನೇ ಇಸವಿ ನವೆಂಬರ್ 21ರ ರಾತ್ರಿ. ಅಮೆರಿಕದ ಅನೇಕ ಊರುಗಳಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ಚಳಿಯನ್ನೂ ಲೆಕ್ಕಿಸದೆ ಜನ ಸಾಲುಗಟ್ಟಿ ನಿಂತಿದ್ದರು. ಹದಿಹರೆಯದ ಹುಡುಗರು, ಕಾಲೇಜು ವಿದ್ಯಾರ್ಥಿಗಳು ಮಾತ್ರವಲ್ಲ, ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆ ಕೊಂಡೊಯ್ಯಲು ಬಂದ ತಂದೆ ತಾಯಂದಿರೂ ಆ ಸಾಲಿನಲ್ಲಿದ್ದರು. ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಹನ್ನೆರಡು ಹೊಡೆದು ತಾರೀಖು ಬದಲಾದ ಕೂಡಲೇ ಬಾಗಿಲು ತೆರೆಯಬೇಕು, ಮೈಕ್ರೊಸಾಫ್ಟ್ ಕಂಪನಿಯ ಹೊಸ ವಿಡಿಯೊ ಗೇಮ್ ಯಂತ್ರ ‘ಎಕ್ಸ್‌ಬಾಕ್ಸ್ 360’ ಕೈಗೆ ಸಿಗಬೇಕು. ಅಷ್ಟೇ ಅವರ ಆಸೆ.

ಟಿ.ವಿ.ಗೆ ಜೋಡಿಸಿ ಆಡುವ ಇಂಥ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಹೊರನೋಟಕ್ಕೆ ಇದೊಂದು ಸಣ್ಣ ಬಿಳಿ ಪೆಟ್ಟಿಗೆ. ಒಳಗಿದ್ದುದು ಮಾತ್ರ ಅಂದಿನ ಕಾಲಕ್ಕೆ ಬೆರಗು ಹುಟ್ಟಿಸುವಂಥದ್ದು. 3.2 ಗಿಗಾಹರ್ಟ್ಸ್ ವೇಗದ, ಮೂರು ಕೋರ್‌ಗಳ ಪ್ರೊಸೆಸರ್. ಪರದೆಯ ಮೇಲೆ ಚಿತ್ರ ಬರೆಯಲೆಂದೇ ಇನ್ನೊಂದು ಶಕ್ತಿಶಾಲಿ ಚಿಪ್. ಜೊತೆಗೆ 512 ಮೆಗಾಬೈಟ್ ಮೆಮೊರಿ. ಹಾರ್ಡ್ ಡಿಸ್ಕ್ ಇಲ್ಲದ ಮಾದರಿಗೆ ಸುಮಾರು 300 ಡಾಲರ್, ಇರುವ ಮಾದರಿಗೆ 400 ಡಾಲರ್ ಬೆಲೆ.

ಈ ಕಾತರ ತಾನಾಗಿಯೇ ಹುಟ್ಟಿದ್ದಲ್ಲ. ಅದನ್ನು ತಿಂಗಳುಗಟ್ಟಲೆ ಬೆಳೆಸಲಾಗಿತ್ತು. 2005ರ ಮೇ 12ರಂದು ಎಂ.ಟಿ.ವಿ. ವಾಹಿನಿಯ ವಿಶೇಷ ಕಾರ್ಯಕ್ರಮವೊಂದರಲ್ಲಿ, ಸಿನಿಮಾ ನಟರ ಸಮ್ಮುಖದಲ್ಲಿ, ಯಂತ್ರವನ್ನು ಮೊದಲ ಬಾರಿಗೆ ತೋರಿಸಲಾಯಿತು. ಬಿಡುಗಡೆಯ ಹಿಂದಿನ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಂಚಿನ ಪಾಮ್‌ಡೇಲ್ ಎಂಬಲ್ಲಿ, ವಿಮಾನ ನಿಲ್ಲಿಸುವ ದೊಡ್ಡ ಕಟ್ಟಡವೊಂದರಲ್ಲಿ, ಅಭಿಮಾನಿಗಳಿಗಾಗಿ ಜಾತ್ರೆಯೇ ನಡೆಯಿತು.

ಕಂಪನಿಗೆ ಇಷ್ಟೊಂದು ಅವಸರ ಏಕೆ? ಎದುರಾಳಿ ಸೋನಿಯ ‘ಪ್ಲೇಸ್ಟೇಷನ್ 3’ ಕೂಡ ಸಿದ್ಧವಾಗುತ್ತಿತ್ತು. ಅದಕ್ಕಿಂತ ಮೊದಲೇ ಮನೆಮನೆ ಸೇರಬೇಕೆಂಬುದು ಮೈಕ್ರೊಸಾಫ್ಟ್‌ನ ಹಠ. ಹಠ ಸಾಧಿಸಿತೂ ಹೌದು. ಸೋನಿಯ ಯಂತ್ರ ಮಾರುಕಟ್ಟೆಗೆ ಬಂದದ್ದು ಒಂದು ವರ್ಷ ತಡವಾಗಿ, 2006ರ ನವೆಂಬರ್‌ನಲ್ಲಿ. ಆದರೆ ಈ ಓಟದಲ್ಲಿ ಎಕ್ಸ್‌ಬಾಕ್ಸ್ 360ರ ದೊಡ್ಡ ಪ್ರಮಾಣದ ತಯಾರಿಕೆ ಆರಂಭವಾದದ್ದೇ ಬಿಡುಗಡೆಗೆ ಹತ್ತು ವಾರಗಳಷ್ಟು ಮುಂಚೆ. ನವೆಂಬರ್ 22ಕ್ಕೆ ಅಮೆರಿಕ ಮತ್ತು ಕೆನಡಾ, ಡಿಸೆಂಬರ್ 2ಕ್ಕೆ ಯೂರೋಪು, ಡಿಸೆಂಬರ್ 10ಕ್ಕೆ ಜಪಾನ್. ಮೂರು ವಾರಗಳೊಳಗೆ ಮೂರು ಖಂಡಗಳನ್ನು ಮುಟ್ಟಬೇಕು. ಸಾಲಿನಲ್ಲಿ ನಿಂತ ಎಷ್ಟೋ ಜನ ಬರಿಗೈಯಲ್ಲಿ ಮರಳಿದರು. ಅಂಗಡಿಯಲ್ಲಿ ಕೊಂಡ ಕೆಲವರು ಅದನ್ನೇ ಇಂಟರ್‌ನೆಟ್ಟಿನ ಹರಾಜಿಗೆ ಹಾಕಿ, ಬೆಲೆಗಿಂತ ಬಹಳ ಹೆಚ್ಚು ಹಣ ಎಣಿಸಿಕೊಂಡರು.

ಯಂತ್ರ ಸಿಕ್ಕವರೇ ಭಾಗ್ಯವಂತರು ಎಂದು ಉಳಿದವರು ಅಂದುಕೊಂಡರು. ಆದರೆ ಕೆಲವೇ ದಿನಗಳಲ್ಲಿ ದೂರುಗಳು ಕೇಳಿಬಂದವು. ಆಟದ ನಡುವೆ ಚಿತ್ರ ಕಲ್ಲಿನಂತೆ ನಿಂತುಬಿಡುತ್ತದೆ, ಪರದೆಯ ತುಂಬ ಗೆರೆ ಮೂಡುತ್ತದೆ, ಯಂತ್ರ ಕೈಸುಡುವಷ್ಟು ಕಾಯುತ್ತದೆ ಎಂದು. ಎಲ್ಲಕ್ಕಿಂತ ಹೆದರಿಸಿದ್ದು ಯಂತ್ರದ ಮುಖದ ಮೇಲಿನ ದೀಪ. ಗುಂಡಿಯ ಸುತ್ತ ಉಂಗುರದಂತೆ ನಾಲ್ಕು ಭಾಗಗಳಿದ್ದವು. ಎಲ್ಲ ಸರಿಯಿದ್ದರೆ ಹಸಿರು. ಒಳಗಿನ ಭಾಗಗಳು ಕೆಟ್ಟಿದ್ದರೆ ಮೂರು ಭಾಗಗಳು ಕೆಂಪಾಗಿ ಮಿನುಗುತ್ತಿದ್ದವು. ಅಷ್ಟಾದರೆ ಯಂತ್ರದ ಕಥೆ ಮುಗಿದಂತೆ. ಆಟಗಾರರು ಇದಕ್ಕೆ ‘ಸಾವಿನ ಕೆಂಪು ಉಂಗುರ’ ಎಂದೇ ಹೆಸರಿಟ್ಟರು.

ಮೊದಮೊದಲು ಕಂಪನಿ ಇದನ್ನು ದೊಡ್ಡದು ಮಾಡಲಿಲ್ಲ. ಯಾವುದೇ ಹೊಸ ಯಂತ್ರದಲ್ಲಿ ಕೆಲವು ಕೆಡುವುದು ಸಹಜ, ಇದೂ ಅಷ್ಟೇ ಎಂದಿತು. ಅಮೆರಿಕದಲ್ಲಿ ಈ ಯಂತ್ರಕ್ಕೆ ಇದ್ದ ವಾರಂಟಿ ಬರೀ 90 ದಿನ. ನಾಲ್ಕನೆಯ ತಿಂಗಳಲ್ಲಿ ಕೆಂಪು ದೀಪ ಕಂಡ ಮನೆಯವರು ರಿಪೇರಿಗೆ ಕೈಯಿಂದಲೇ ಹಣ ತೆರಬೇಕಾಯಿತು. 2006ರ ಕೊನೆಯಲ್ಲಿ ವಾರಂಟಿಯನ್ನು ಒಂದು ವರ್ಷಕ್ಕೆ ಏರಿಸಲಾಯಿತು. ಅದೇ ವರ್ಷ ಈ ಯಂತ್ರ ಭಾರತದ ಅಂಗಡಿಗಳಿಗೂ ಬಂದಿತ್ತು. ದೂರುಗಳು ಮಾತ್ರ ನಿಲ್ಲಲಿಲ್ಲ.

ಹಾಗಾದರೆ ಯಂತ್ರಗಳು ಕೆಡುತ್ತಿದ್ದುದೇಕೆ? ಇದರ ಉತ್ತರ ಹೈಸ್ಕೂಲು ವಿಜ್ಞಾನ ಪುಸ್ತಕದಲ್ಲೇ ಇದೆ. ಕಾಯಿಸಿದ ವಸ್ತು ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುವುದು ಇದೇ ತತ್ತ್ವದಿಂದ. ತಣಿದಾಗ ಪಟ್ಟಿ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆದರೆ ಎಲ್ಲ ವಸ್ತುಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ತೊಂದರೆ ಹುಟ್ಟುವುದು ಇಲ್ಲಿಯೇ.

ಕಂಪ್ಯೂಟರ್ ಚಿಪ್ ಸಿಲಿಕಾನ್‌ನಿಂದ ಆದದ್ದು. ಅದು ಕೂರುವ ಹಲಗೆ ಗಾಜಿನ ನೂಲು, ರಾಳ ಮತ್ತು ತಾಮ್ರಗಳ ಮಿಶ್ರಣ. ಎರಡನ್ನೂ ಹಿಡಿದಿಡುವುದು ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬೆಸುಗೆಯ ಉಂಡೆಗಳು. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಾಲ್ಡರಿಂಗ್ ಎನ್ನುತ್ತಾರಲ್ಲ, ಅದೇ ಬೆಸುಗೆ. ವಿದ್ಯುತ್ ಹರಿಯುವುದೂ ಈ ಉಂಡೆಗಳ ಮೂಲಕವೇ.

ಈಗ ಒಂದು ಚಿಕ್ಕ ಲೆಕ್ಕ. ಒಂದು ಮೀಟರ್ ಉದ್ದದ ಸಿಲಿಕಾನ್ ಪಟ್ಟಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 2.6 ಮೈಕ್ರೊಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಹಲಗೆ ಸುಮಾರು 15 ಮೈಕ್ರೊಮೀಟರ್ ಹಿಗ್ಗುತ್ತದೆ. ಉದ್ದ ಒಂದು ಸೆಂಟಿಮೀಟರ್, ಉಷ್ಣತೆಯ ಏರಿಕೆ 60 ಡಿಗ್ರಿ ಎಂದು ಇಟ್ಟುಕೊಳ್ಳಿ. ಸಿಲಿಕಾನ್ ಹಿಗ್ಗುವುದು ಸುಮಾರು ಒಂದೂವರೆ ಮೈಕ್ರೊಮೀಟರ್, ಹಲಗೆ 9 ಮೈಕ್ರೊಮೀಟರ್. ವ್ಯತ್ಯಾಸ ಏಳೂವರೆಯಷ್ಟು. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲು! ಇಷ್ಟರಿಂದ ಏನಾದೀತು ಎನಿಸುತ್ತದೆ. ಆದರೆ ನಡುವೆ ಸಿಕ್ಕಿಬಿದ್ದ ಬೆಸುಗೆಯ ಉಂಡೆಯೂ ಅತಿ ಸಣ್ಣದು. ಅದಕ್ಕೆ ಇದು ಸಣ್ಣ ಎಳೆದಾಟವಲ್ಲ.

ಮೊದಲ ಮಾದರಿಯ ಎಕ್ಸ್‌ಬಾಕ್ಸ್ 360 ಆಟದ ವೇಳೆ 150 ವಾಟ್‌ಗೂ ಹೆಚ್ಚು ವಿದ್ಯುತ್ ಎಳೆಯುತ್ತಿತ್ತು. ಅಷ್ಟೂ ಕೊನೆಗೆ ಶಾಖವಾಗಿ ಹೊರಬರಬೇಕು. ಪೆಟ್ಟಿಗೆ ಚಿಕ್ಕದು, ಗಾಳಿಯಾಡುವ ಜಾಗ ಕಡಿಮೆ. ಯಂತ್ರ ಹಚ್ಚಿದಾಗಲೆಲ್ಲ ಒಳಗೆ ಹಿಗ್ಗಾಟ, ಆರಿಸಿದಾಗಲೆಲ್ಲ ಕುಗ್ಗಾಟ. ದಿನಕ್ಕೆ ಎರಡು ಸಲ ಆಡಿದರೂ ವರ್ಷಕ್ಕೆ 730 ಸಲ.

ಮಕ್ಕಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ತೆಳುವಾದ ತಂತಿಯೊಂದನ್ನು ಒಂದು ಸಲ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಲೇ ಇದ್ದರೆ ಹತ್ತಿಪ್ಪತ್ತು ಸಲಕ್ಕೆ ಪಟ್ಟನೆ ತುಂಡಾಗುತ್ತದೆ. ಮುರಿದದ್ದು ಕೊನೆಯ ಬಾಗಿನಿಂದಲ್ಲ, ಹಿಂದಿನ ಎಲ್ಲ ಬಾಗುಗಳೂ ಸೇರಿ ಮುರಿದವು. ಲೋಹಕ್ಕೂ ದಣಿವುಂಟು. ಬೆಸುಗೆಯ ಉಂಡೆಗಳಿಗೆ ಆದದ್ದೂ ಇದೇ. ಹಲವಾರು ಸಲ ಕಾದು ತಣಿದ ಮೇಲೆ ಎಲ್ಲೋ ಒಂದು ಉಂಡೆಯಲ್ಲಿ ಕಣ್ಣಿಗೆ ಕಾಣದ ಬಿರುಕು; ವಿದ್ಯುತ್ತಿನ ದಾರಿ ಕಡಿಯಿತು; ಮೂರು ಕೆಂಪು ದೀಪ ಮಿನುಗಿತು.

ಅದೇ ಹೊತ್ತಿಗೆ ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಇನ್ನೊಂದು ಬದಲಾವಣೆಯೂ ನಡೆದಿತ್ತು. ಅಲ್ಲಿಯವರೆಗೆ ಬೆಸುಗೆಯೆಂದರೆ ತವರ ಮತ್ತು ಸೀಸದ ಮಿಶ್ರಣ. ಇದು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೀಸ ವಿಷವಸ್ತು. ಮಕ್ಕಳ ಮಿದುಳಿಗೆ ಬಹಳ ಕೇಡು. ಆದ್ದರಿಂದ ಯೂರೋಪಿನ ದೇಶಗಳು 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸವನ್ನು ನಿರ್ಬಂಧಿಸಿದವು. ತಯಾರಕರು ತವರ, ಬೆಳ್ಳಿ, ತಾಮ್ರಗಳ ಹೊಸ ಬೆಸುಗೆಗೆ ಬದಲಾದರು. ಇದು ಕರಗಲು 217 ಡಿಗ್ರಿ ಬೇಕು, ಎಳೆದಾಟಕ್ಕೆ ಇದು ತೋರುವ ಗುಣವೂ ಬೇರೆ. ಹಾಗೆಂದು ಸೀಸ ಬಿಟ್ಟದ್ದೇ ತಪ್ಪು ಎನ್ನಲಾಗದು. ಒಳ್ಳೆಯ ಉದ್ದೇಶದಿಂದ ಬಳಸಿದ ಹೊಸ ವಸ್ತುವಿಗೂ ಹೊಸ ಪರೀಕ್ಷೆ, ಅದಕ್ಕೆ ತಕ್ಕ ಸಮಯ ಬೇಕು ಎಂಬುದಷ್ಟೇ ಇಲ್ಲಿನ ಮಾತು. ಸಮಯವೇ ಈ ಓಟದಲ್ಲಿ ಇಲ್ಲದ್ದು.

ಈ ನಡುವೆ ಆಟಗಾರರಲ್ಲಿ ಒಂದು ವಿಚಿತ್ರ ಮನೆಮದ್ದು ಹಬ್ಬಿತು. ಕೆಟ್ಟ ಯಂತ್ರವನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ, ಗಾಳಿಯಾಡದಂತೆ ಮಾಡಿ, ಸ್ವಲ್ಪ ಹೊತ್ತು ಹಚ್ಚಿಟ್ಟರೆ ಸರಿಹೋಗುತ್ತದಂತೆ! ಕೆಲವರ ಯಂತ್ರ ನಿಜಕ್ಕೂ ಮತ್ತೆ ಓಡಿತು. ಬೆಸುಗೆ ಕರಗಿ ಮತ್ತೆ ಕೂಡಿಕೊಂಡಿತು ಎಂದು ಅವರು ನಂಬಿದರು. ಇದನ್ನು ಒಪ್ಪುವ ಮೊದಲು ಮೇಲಿನ 217 ಎಂಬ ಅಂಕಿಯನ್ನು ನೆನೆಯಬೇಕು. ಯಂತ್ರದೊಳಗೆ ಅಷ್ಟು ಶಾಖ ಏರುವುದಿದ್ದರೆ ಮೊದಲು ಪ್ಲಾಸ್ಟಿಕ್ ಪೆಟ್ಟಿಗೆಯೇ ಮೆತ್ತಗಾಗಿ ಕುಸಿಯುತ್ತಿತ್ತು. ನಡೆದದ್ದು ಇಷ್ಟೇ ಇರಬೇಕು: ಶಾಖಕ್ಕೆ ಭಾಗಗಳು ಹಿಗ್ಗಿ, ಬಿರುಕಿನ ಎರಡು ಅಂಚುಗಳು ತಾತ್ಕಾಲಿಕವಾಗಿ ಒಂದನ್ನೊಂದು ತಾಗಿದವು. ಹೀಗೆ ಸರಿಹೋದ ಯಂತ್ರ ಬೇಗನೆ ಮತ್ತೆ ಕೆಡುತ್ತಿತ್ತು. ಜೊತೆಗೆ ಬೆಂಕಿಯ ಅಪಾಯ ಬೇರೆ. ಶಾಖದಿಂದ ಕೆಟ್ಟದ್ದನ್ನು ಇನ್ನಷ್ಟು ಶಾಖದಿಂದ ಗುಣಪಡಿಸುವ ಈ ಚಿಕಿತ್ಸೆಯನ್ನು ಯಾವ ಉಪಕರಣದ ಮೇಲೂ ಯಾರೂ ಪ್ರಯೋಗಿಸಬಾರದು.

ಕೊನೆಗೆ 2007ರ ಜುಲೈ 5ರಂದು ಮೈಕ್ರೊಸಾಫ್ಟ್ ಬಹಿರಂಗವಾಗಿ ತಲೆಬಾಗಿತು. ಮೂರು ಕೆಂಪು ದೀಪ ಕಂಡ ಯಂತ್ರಗಳಿಗೆ ಕೊಂಡ ದಿನದಿಂದ ಮೂರು ವರ್ಷ ಉಚಿತ ರಿಪೇರಿ. ಈಗಾಗಲೇ ಹಣ ತೆತ್ತವರಿಗೆ ಅದು ವಾಪಸು. ಇದಕ್ಕೆಂದು ಕಂಪನಿ ಎತ್ತಿಟ್ಟ ಹಣ 105ರಿಂದ 115 ಕೋಟಿ ಡಾಲರ್. ಆಗ ಆ ವಿಭಾಗದ ಹೊಣೆಯಲ್ಲಿದ್ದವರಲ್ಲಿ ಒಬ್ಬರಾದ ಪೀಟರ್ ಮೂರ್ ಅವರು 2015ರ ಸಂದರ್ಶನವೊಂದರಲ್ಲಿ ಆ ದಿನಗಳನ್ನು ನೆನೆದಿದ್ದಾರೆ. ಪೆಟ್ಟಿಗೆಗಳನ್ನು ಮನೆಗಳಿಂದ ತರಿಸಿ ಮರಳಿ ಕಳಿಸುವ ಕೊರಿಯರ್ ವೆಚ್ಚವೇ 24 ಕೋಟಿ ಡಾಲರ್ ಆಗುವುದಿತ್ತಂತೆ. ಈ ಲೆಕ್ಕವನ್ನು ಮುಖ್ಯಸ್ಥ ಸ್ಟೀವ್ ಬಾಲ್ಮರ್ ಅವರ ಮುಂದಿಟ್ಟಾಗ ಅವರು ಹಿಂದೆಮುಂದೆ ನೋಡದೆ ಒಪ್ಪಿಗೆ ಕೊಟ್ಟರಂತೆ.

ನೂರು ಕೋಟಿ ಡಾಲರ್ ಮೀರಿದ ಆ ನಷ್ಟದಿಂದ ಆದ ಲಾಭವೇನು? ಜನರ ವಿಶ್ವಾಸ ಉಳಿಯಿತು. ಮುಂದಿನ ವರ್ಷಗಳಲ್ಲಿ ಚಿಪ್‌ಗಳನ್ನು ಚಿಕ್ಕದಾಗಿಸಿ ಶಾಖ ತಗ್ಗಿಸಿದರು. 2010ರಲ್ಲಿ ಒಳಗಿನ ವಿನ್ಯಾಸವನ್ನೇ ಬದಲಿಸಿದ ಹೊಸ ಮಾದರಿ ಬಂತು. 2016ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 8 ಕೋಟಿ 40 ಲಕ್ಷಕ್ಕೂ ಹೆಚ್ಚು ಎಕ್ಸ್‌ಬಾಕ್ಸ್ 360 ಯಂತ್ರಗಳು ಮಾರಾಟವಾಗಿದ್ದವು. ತಪ್ಪನ್ನು ಮುಚ್ಚಿಡುತ್ತಲೇ ಹೋಗಿದ್ದರೆ ಇಷ್ಟು ಜನ ಕೊಳ್ಳುತ್ತಿದ್ದರೇ?

ಕಾರಣವನ್ನು ಕಂಪನಿಯ ಎಂಜಿನಿಯರುಗಳೇ ಬಿಡಿಸಿ ಹೇಳಿದ್ದು ಬಹಳ ತಡವಾಗಿ, 2021ರಲ್ಲಿ ಬಂದ ಅದರದೇ ಸಾಕ್ಷ್ಯಚಿತ್ರದಲ್ಲಿ. ಯಂತ್ರವನ್ನು ಹಚ್ಚಿ ಆರಿಸುವಾಗಿನ ಉಷ್ಣತೆಯ ಏರಿಳಿತಕ್ಕೆ ಒಳಗಿನ ಬೆಸುಗೆಗಳು ಬಿರಿಯುತ್ತಿದ್ದವು ಎಂದು ಅವರು ವಿವರಿಸಿದರು. ಆ ಸಂದರ್ಭದಲ್ಲಿ ಮೂರು ಕೆಂಪು ದೀಪಗಳ ಚಿತ್ರವಿರುವ ಪೋಸ್ಟರನ್ನು ಕಂಪನಿ ತಾನೇ ಮಾರಾಟಕ್ಕಿಟ್ಟಿತು!

ಈ ಕಥೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿಗೂ ಒಂದು ಮಾತಿದೆ. ಕೆಟ್ಟ ಯಂತ್ರಗಳಲ್ಲಿ ಎಷ್ಟೋ ಮೊದಮೊದಲು ಚೆನ್ನಾಗಿಯೇ ಓಡಿದ್ದವು. ಒಂದು ಸಲ ಸರಿಯಾಗಿ ನಡೆಯುವುದು ಬೇರೆ, ಸಾವಿರ ಸಲ ನಡೆದೂ ಉಳಿಯುವುದು ಬೇರೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಬಾಯಿಪಾಠ ಮಾಡಿದ್ದು ಮರುದಿನ ಓಡೀತು, ಮುಂದಿನ ವರ್ಷಕ್ಕೆ ಉಳಿಯದು. ತಪ್ಪಾದಾಗ ಕೆಂಪು ದೀಪವನ್ನು ಟವೆಲ್ಲಿನಲ್ಲಿ ಮುಚ್ಚುವುದಕ್ಕಿಂತ, ಬಿರುಕು ಎಲ್ಲಿದೆಯೆಂದು ಹುಡುಕುವುದೇ ಜಾಣತನ.

ತಂದೆ ತಾಯಂದಿರಿಗೆ ಇನ್ನೊಂದು ಮಾತು. ಹೊಸ ಫೋನು, ಹೊಸ ಆಟದ ಯಂತ್ರ ಬಂದ ದಿನವೇ ಬೇಕೆಂದು ಮಕ್ಕಳು ಹಠ ಹಿಡಿಯುವುದು ಸಹಜ. ಆಗ ಬರೀ ಇಲ್ಲ ಎನ್ನುವ ಬದಲು ಒಂದಾರು ತಿಂಗಳು ಕಾಯೋಣ ಎಂದು ಹೇಳಿ ನೋಡಬಹುದು. ಅಷ್ಟರಲ್ಲಿ ವಸ್ತುವಿನ ಗುಣದೋಷ ಹೊರಬೀಳುತ್ತದೆ, ಹಲವು ವೇಳೆ ಬೆಲೆಯೂ ಇಳಿಯುತ್ತದೆ. ಕೊಳ್ಳುವ ದಿನ ಬಿಲ್ಲನ್ನು ಜೋಪಾನವಾಗಿಡಿ, ವಾರಂಟಿ ಎಷ್ಟು ಕಾಲ, ಯಾವುದಕ್ಕೆ ಎಂದು ಮಕ್ಕಳಿಂದಲೇ ಓದಿಸಿ. ಮನೆಗೆ ತಂದ ಮೇಲೆ ಗಾಳಿಯಾಡುವ ಜಾಗದಲ್ಲಿಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಮಾತು ಕೊಳ್ಳುವವರಿಗೆ ಎಷ್ಟೋ, ಮಾಡಿ ಮಾರುವವರಿಗೂ ಅಷ್ಟೇ.