ಗ್ರಂಥವಿಮರ್ಶೆಯಲ್ಲಿ ಪಂಕ್ತಿಭೇದ

ಊಟದ ಪಂಕ್ತಿಯಲ್ಲಿ ಭೇದವೆಣಿಸುವುದು ಅಧರ್ಮವೆಂದು ಒಪ್ಪುವ ವಿದ್ವಜ್ಜನರೇ ಗ್ರಂಥವಿಮರ್ಶೆಯ ಪಂಕ್ತಿಯಲ್ಲಿ ಅದೇ ಭೇದವನ್ನು ನಿಶ್ಚಿಂತೆಯಿಂದ ನಡೆಸಿಕೊಂಡು ಬಂದಿರುವರು. ಕನ್ನಡದ ಸಾಹಿತ್ಯಪತ್ರಿಕೆಗಳಿಗೆ ಅಭಿಪ್ರಾಯಾರ್ಥವಾಗಿ ಬಂದ ಪುಸ್ತಕಗಳ ಗತಿಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಕಾದಂಬರಿಗೆ ಮೂರು ಪುಟ, ಕವನಸಂಗ್ರಹಕ್ಕೆ ಎರಡು ಪುಟ, ಸಂಶೋಧನ ಗ್ರಂಥಕ್ಕೆ ಒಂದು ಪುಟ. ಮಕ್ಕಳ ಪುಸ್ತಕಕ್ಕಾದರೋ 'ಸಾಭಾರ ಸ್ವೀಕಾರ'ದ ಪಟ್ಟಿಯ ತುದಿಯಲ್ಲಿ ಒಂದೇ ಒಂದು ಸಾಲು. ಸಂಪಾದಕರು ಉದಾರಿಗಳಾದ ತಿಂಗಳಲ್ಲಿ, ಭಾಷೆ ಸರಳವಾಗಿದೆ, ಚಿತ್ರಗಳು ಅಂದವಾಗಿವೆ, ಮಕ್ಕಳಿಗೆ ಉಪಯುಕ್ತವಾಗಿದೆ ಎಂಬ ಮೂರು ಮಾತುಗಳು. ಈ ಮೂರು ಮಾತುಗಳನ್ನು ಪುಸ್ತಕದ ರಟ್ಟನ್ನು ತೆರೆಯದೆಯೂ ಬರೆಯಬಹುದು. ಹಲವು ಸಲ ಹಾಗೆಯೇ ಬರೆದಂತೆಯೂ ತೋರುವುದು.

ಇದರಿಂದ ಆಗುವ ಕೇಡು ಅಲ್ಪವಾದುದಲ್ಲ. ಪ್ರೌಢವಾಚಕನು ಕೆಟ್ಟ ಕಾದಂಬರಿಯೊಂದನ್ನು ಕೊಂಡು ಮೋಸಹೋದರೆ ಅದನ್ನು ಮೂಲೆಗೆಸೆದು, ನಾಲ್ಕು ಜನರೊಡನೆ ಆಡಿಕೊಂಡು, ಬೇಕಾದರೆ ಪತ್ರಿಕೆಗೆ ಒಂದು ಕಾಗದವನ್ನೂ ಬರೆದು ಸೇಡು ತೀರಿಸಿಕೊಳ್ಳಬಲ್ಲನು. ಮಗುವಿಗೆ ಈ ಯಾವ ಉಪಾಯವೂ ಇಲ್ಲ. ಅದರ ಪುಸ್ತಕವನ್ನು ಆರಿಸುವವರು ತಂದೆತಾಯಿಗಳು, ಉಪಾಧ್ಯಾಯರು, ಗ್ರಂಥಭಂಡಾರದ ಅಧಿಕಾರಿಗಳು. ಓದುವುದು ಮಾತ್ರ ಮಗುವಿನ ಪಾಲಿಗೆ ಬರುವುದು. ಪುಸ್ತಕವು ನೀರಸವಾಗಿದ್ದರೆ ಮಗು ಪುಸ್ತಕವನ್ನು ದೂರುವುದಿಲ್ಲ. ಓದುವುದೆಂಬುದೇ ನೀರಸವಾದ ಕೆಲಸವೆಂದು ತಿಳಿದು, ಮೆಲ್ಲಗೆ ಓದಿನಿಂದಲೇ ದೂರ ಸರಿಯುವುದು. ಹತ್ತು ವರ್ಷಗಳ ತರುವಾಯ, ಕನ್ನಡ ಓದುವವರಿಲ್ಲವೆಂದು ಸಭೆಗಳಲ್ಲಿ ಹಲುಬುವವರು ಆ ಮಗುವಿನ ಕೈಗೆ ಎಂತಹ ಪುಸ್ತಕ ಬಿದ್ದಿತ್ತೆಂಬುದನ್ನು ವಿಚಾರಿಸಿರುವರೇ? ಕೊಳ್ಳುವವನು ಒಬ್ಬ, ಉಣ್ಣುವವನು ಇನ್ನೊಬ್ಬನಾದಲ್ಲಿಯೇ ಪರೀಕ್ಷಕನ ಅಗತ್ಯ ಹೆಚ್ಚು. ಪರೀಕ್ಷೆ ಎಲ್ಲಿ ಅತ್ಯವಶ್ಯವೋ ಅಲ್ಲಿಯೇ ವಿಮರ್ಶಕರು ಕಣ್ಣು ಮುಚ್ಚಿಕೊಂಡಿರುವುದು ಶೋಚನೀಯವಾದ ವಿಷಯ.

ಈ ಭೇದವು ಕನ್ನಡದ ಗ್ರಂಥಕರ್ತರಿಂದ ಬಂದುದೂ ಅಲ್ಲ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದನು; ಅರಸುಮಕ್ಕಳಿಗೆ ಬುದ್ಧಿ ಕಲಿಸಲು ಹುಟ್ಟಿದ ಕತೆಗಳು ರಾಜ್ಯಭಾರ ಮಾಡುವವರಿಗೂ ನೀತಿಶಾಸ್ತ್ರವಾದುವು. ನರಿ ಎತ್ತುಗಳ ಕತೆಯೆಂದು ಆ ಮಂತ್ರಿಯು ತನ್ನ ಚಂಪುವಿನ ಬಿಗಿಯನ್ನು ಸಡಿಲಿಸಲಿಲ್ಲ. ಇನ್ನು ದಕ್ಷಿಣ ಕನ್ನಡ ಜಿಲ್ಲೆಯೊಂದನ್ನೇ ನೋಡಿದರೂ ಸಾಕು. ಬಂಟವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಕನ್ನಡದ ಮೊದಲ ಸಣ್ಣಕತೆಗಳನ್ನು ಬರೆದವರಲ್ಲೊಬ್ಬರು; ಅವರೇ ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರು; 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದವರೂ ಅವರೇ. 1933ರಲ್ಲಿ 'ಚೋಮನ ದುಡಿ'ಯನ್ನಿತ್ತ ಶಿವರಾಮ ಕಾರಂತರು ಅದೇ ದಶಕದಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳ ಭಾರವನ್ನು ಹೊತ್ತರು. 'ಚಿರಸ್ಮರಣೆ'ಯ ಕರ್ತರಾದ ನಿರಂಜನರು 1970ರ ದಶಕದಲ್ಲಿ ಕಿರಿಯರ ವಿಶ್ವಕೋಶವಾದ 'ಜ್ಞಾನಗಂಗೋತ್ರಿ'ಯ ಏಳು ಸಂಪುಟಗಳಿಗೆ ಪ್ರಧಾನ ಸಂಪಾದಕರಾದರು. ಜಿಲ್ಲೆಯ ಎಲ್ಲೆಯನ್ನು ದಾಟಿದರೆ, 'ರತ್ನನ ಪದಗಳು' ಬರೆದ ಕೈಯೇ 'ತುತ್ತೂರಿ'ಯನ್ನೂ ಬರೆದುದು ಕಾಣುವುದು. ಬರೆಯುವವರು ಮೇಲುಕೀಳೆಣಿಸದೆ ಎರಡು ಎಲೆಗಳಿಗೂ ಒಂದೇ ಅನ್ನವನ್ನು ಬಡಿಸಿರಲು, ರುಚಿ ನೋಡುವವರು ಮಾತ್ರ ಒಂದೆಲೆಯ ಮುಂದೆ ಕುಳಿತು, ಇನ್ನೊಂದನ್ನು ದಾಟಿ ನಡೆದಿರುವರು.

ದೊಡ್ಡ ಸಂಸ್ಥೆಗಳ ನಡತೆಯೂ ಇದಕ್ಕೆ ಹೊರತಾಗಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯು 1955ರಿಂದ ಪ್ರಶಸ್ತಿಗಳನ್ನು ಕೊಡುತ್ತ ಬಂದಿದೆ. ಕನ್ನಡಕ್ಕೆ ಮೊದಲ ವರ್ಷವೇ 'ಶ್ರೀ ರಾಮಾಯಣ ದರ್ಶನಂ' ಕಾವ್ಯಕ್ಕಾಗಿ ಆ ಗೌರವ ದೊರೆಯಿತು. ಆದರೆ ಬಾಲಸಾಹಿತ್ಯ ಪುರಸ್ಕಾರವು ಆರಂಭವಾದುದು 2010ರಲ್ಲಿ. ಮಕ್ಕಳ ಪುಸ್ತಕವೂ ಪುಸ್ತಕವೆಂಬುದನ್ನು ಕಂಡುಕೊಳ್ಳಲು 55 ವರ್ಷಗಳು ಬೇಕಾದುವು! ಆ ಮೊದಲ ವರ್ಷ ಕನ್ನಡದಿಂದ ಪುರಸ್ಕೃತರಾದ ಬೊಳುವಾರು ಮಹಮದ್ ಕುಂಞಿಯವರೇ 2016ರಲ್ಲಿ ಪ್ರೌಢ ಕಾದಂಬರಿಗಾಗಿಯೂ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಎರಡು ಪ್ರಶಸ್ತಿಗಳೂ ಒಬ್ಬರ ಮನೆಯನ್ನೇ ಸೇರಿದುದನ್ನು ಕಂಡಾದರೂ, ಎರಡು ಸಾಹಿತ್ಯಗಳ ನಡುವಣ ಗೋಡೆ ಎಷ್ಟು ತೆಳುವೆಂದು ವಿಮರ್ಶಕರು ಅರಿಯಬೇಕಾಗಿತ್ತು.

ಮಕ್ಕಳ ಪುಸ್ತಕದಲ್ಲಿ ವಿಮರ್ಶಿಸುವುದಕ್ಕೆ ಏನಿದೆಯೆಂದು ಕೇಳುವವರುಂಟು. ಇಲ್ಲದುದೇನು? ಮೊದಲನೆಯದು ಛಂದಸ್ಸು. 1911ರಲ್ಲಿ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟಾಗ ಪಂಡಿತವರ್ಗದಲ್ಲಿ ಎದ್ದ ಕೋಲಾಹಲವು ಸಾಹಿತ್ಯಚರಿತ್ರೆಯಲ್ಲಿ ದಾಖಲಾಗಿದೆ. ಶಿಶುಗೀತೆಗಳಲ್ಲಾದರೆ ಅಂತ್ಯಪ್ರಾಸವೊಂದಕ್ಕಾಗಿ ಅರ್ಥವೂ ವ್ಯಾಕರಣವೂ ಪ್ರತಿಪದ್ಯದಲ್ಲಿ ಬಲಿಯಾಗುತ್ತಿದ್ದರೂ ಯಾರೂ ಹುಬ್ಬುಗಂಟಿಕ್ಕಲಿಲ್ಲ. ನಾಲ್ಕು ಮಾತ್ರೆಯ ಗಣಗಳಲ್ಲಿ ಸಾಗುವ ಹಾಡು ನಡುವೆ ಐದು ಮಾತ್ರೆಗೆ ಎಡವಿದರೆ, ಕಣ್ಣಿನಿಂದ ಓದುವ ದೊಡ್ಡವರಿಗೆ ಅದು ತಿಳಿಯದೆ ಹೋಗಬಹುದು. ಚಪ್ಪಾಳೆ ತಟ್ಟಿ ಕುಣಿಯುತ್ತ ಹಾಡುವ ಮಗುವಿನ ಕಾಲು ಅಲ್ಲಿಯೇ ತಡೆಯುವುದು.

ಎರಡನೆಯದು ಮಾತು. ಪಂಜೆಯವರ 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕತೆಯ ಹೆಸರಿನಲ್ಲಿಯೇ ಕರಾವಳಿಯ ಅಂಗಳವೂ ಅಲ್ಲಿಯ ಬಿಸಿಲೂ ಇವೆ. ಮಗು ಮನೆಯಲ್ಲಿ ಕೇಳುವ ಪ್ರಶ್ನೆಯೇ ಅಲ್ಲಿ ಕತೆಯಾಗಿದೆ. ಯಾವ ಊರಿನ ಯಾವ ಮನೆಯಲ್ಲಿಯೂ ಕೇಳಿಬರದ ಗ್ರಾಂಥಿಕ ಪದಗಳನ್ನು ಆರು ವರ್ಷದ ಹುಡುಗನ ಬಾಯಿಂದ ಆಡಿಸುವ ಪುಸ್ತಕಗಳನ್ನು 'ಭಾಷೆ ಸರಳ'ವೆಂದು ಹೊಗಳುವವರು ಈ ಕತೆಯನ್ನು ಮತ್ತೊಮ್ಮೆ ಓದಬೇಕು.

ಮೂರನೆಯದು ರೂಪಾಂತರದ ವಿವೇಕ. ಬ್ರೌನಿಂಗ್ ಕವಿಯ ಇಂಗ್ಲಿಷ್ ಕವಿತೆಯನ್ನು ಕುವೆಂಪು ಅವರು ಕನ್ನಡಿಸಿದಾಗ ಪರದೇಶದ ಕೊಳಲಿನವನು ಕಿಂದರಿ ಹಿಡಿದ ಜೋಗಿಯಾದನು, ಊರು ಬೊಮ್ಮನಹಳ್ಳಿಯಾಯಿತು. ಕತೆ ಈ ನೆಲದಲ್ಲಿ ಬೇರೂರಿತು. ಪಾತ್ರಗಳ ಹೆಸರನ್ನಷ್ಟೇ ಬದಲಿಸಿ, ಮೂಲದ ಹೆಸರನ್ನು ಹೇಳದೆ, 'ಸ್ವತಂತ್ರ ಕೃತಿ'ಯೆಂದು ರಟ್ಟಿನ ಮೇಲೆ ಅಚ್ಚುಹಾಕಿಸುವವರನ್ನು ಹಿಡಿದು ಕೇಳುವವರು ವಿಮರ್ಶಕರಲ್ಲದೆ ಇನ್ನಾರು? ಇನ್ನು ವಿಜ್ಞಾನದ ಪುಸ್ತಕವಾದರೆ ಸಂಗತಿ ನಿಜವೇ, ಜೀವನಚರಿತ್ರೆಯಾದರೆ ಇಸವಿ ಸರಿಯೇ, ಚಿತ್ರವು ಕತೆಗೆ ಒಪ್ಪುವುದೇ, ನೀತಿಯು ಕತೆಯೊಳಗಿಂದ ಮೂಡಿತೇ ಅಥವಾ ಕೊನೆಯಲ್ಲಿ ಅಂಟಿಸಿದ ಚೀಟಿಯೇ ಎಂಬಿವೆಲ್ಲ ಪರೀಕ್ಷಣೀಯ ವಿಷಯಗಳು.

ಪ್ರತಿವಾದಿಗಳ ಮಾತನ್ನೂ ಕೇಳಬೇಕು. ಮಕ್ಕಳಿಗಾಗಿ ಬರೆಯುವವರೇ ವಿರಳ, ಕಟುವಾಗಿ ವಿಮರ್ಶಿಸಿದರೆ ಅವರೂ ಲೇಖನಿಯನ್ನು ಕೆಳಗಿಡುವರು ಎಂಬುದು ಒಂದು ವಾದ. ಬರಗಾಲವೆಂದು ಕಲ್ಲು ಬೆರೆಸಿದ ಅಕ್ಕಿಯನ್ನು ಮಕ್ಕಳಿಗೆ ಬೇಯಿಸಿ ಹಾಕುವವರು ಯಾರೂ ಇಲ್ಲ. ಒಳ್ಳೆಯ ಬರಹಗಾರನು ನಿಜವಾಗಿ ನೋಯುವುದು ಟೀಕೆಯಿಂದಲ್ಲ, ಔದಾಸೀನ್ಯದಿಂದ. ಅವನ ಶ್ರಮವೂ ಆಲಸಿಯ ಜೋಡಣೆಯೂ ಒಂದೇ ಸಾಲಿನಲ್ಲಿ ಒಂದೇ ಹೊಗಳಿಕೆ ಪಡೆದಾಗ ಅವನು ಕೈಚೆಲ್ಲುವನು. ಮಕ್ಕಳೇ ನಿಜವಾದ ವಿಮರ್ಶಕರು, ದೊಡ್ಡವರಿಗೇಕೆ ಆ ಚಿಂತೆ ಎಂಬುದು ಇನ್ನೊಂದು ವಾದ. ಇದು ಕೇಳಲು ಇಂಪಾದರೂ ಹೊಣೆಯಿಂದ ನುಣುಚಿಕೊಳ್ಳುವ ದಾರಿ. ಮಗು ತೀರ್ಪು ಕೊಡುವ ಹೊತ್ತಿಗೆ ಪುಸ್ತಕಗಳ ಆಯ್ಕೆ ಮುಗಿದು, ಹಣ ಸಂದಾಯವಾಗಿ, ಕಟ್ಟುಗಳು ಶಾಲೆಗಳನ್ನೂ ಗ್ರಂಥಾಲಯಗಳನ್ನೂ ಸೇರಿರುವುವು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಶಾಸನವಾದುದು 1965ರಲ್ಲಿ. ಅಂದಿನಿಂದ ಗ್ರಂಥಾಲಯಗಳ ಖರೀದಿಯು ಪ್ರಕಾಶನಕ್ಕೆ ದೊಡ್ಡ ಆಧಾರವಾಗಿದೆ. ಆ ಖರೀದಿಗೆ ದಾರಿತೋರುವ ಪ್ರಾಮಾಣಿಕ ವಿಮರ್ಶೆ ಇಲ್ಲದಿದ್ದರೆ ತೆರಿಗೆಯ ಹಣದಿಂದ ಧೂಳಿಗೆ ಆಹಾರವನ್ನು ಕೊಂಡಂತಾಗುವುದು.

'ತುತ್ತೂರಿ'ಯನ್ನೂ ಮಹಾಕಾವ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೆಂತು ಎಂಬುದು ಮೂರನೆಯ ಆಕ್ಷೇಪ. ಚಿನ್ನ ತೂಗುವ ತಕ್ಕಡಿ ಬೇರೆ, ಅಕ್ಕಿ ತೂಗುವ ತಕ್ಕಡಿ ಬೇರೆ ಎಂಬುದು ನಿಜ. ಆದರೆ ಎರಡರಲ್ಲಿಯೂ ಮುಳ್ಳು ನೆಟ್ಟಗೆ ನಿಲ್ಲಬೇಕೆಂಬ ನಿಯಮ ಒಂದೇ. ಮಕ್ಕಳ ಪುಸ್ತಕಕ್ಕೆ ಮಹಾಕಾವ್ಯದ ಗಾಂಭೀರ್ಯವನ್ನು ಯಾರೂ ಕೇಳುತ್ತಿಲ್ಲ. ವಿಮರ್ಶಕನಿಗೆ ಅದೇ ಗಾಂಭೀರ್ಯವಿರಲೆಂದು ಕೇಳುವುದಷ್ಟೆ.

ಈ ಸಮಪಂಕ್ತಿಯಿಂದ ಪ್ರೌಢಸಾಹಿತ್ಯಕ್ಕೂ ಲಾಭವುಂಟು. ಮಕ್ಕಳ ಕತೆಯಲ್ಲಿ ಅನಾವಶ್ಯಕವಾದ ಒಂದು ವಾಕ್ಯವನ್ನು ಸಹಿಸದ ಕಿವಿಯು ಕಾದಂಬರಿಯ ನೂರು ಪುಟಗಳ ಗೊಡ್ಡು ಹರಟೆಯನ್ನೂ ಸಹಿಸದು. ಶಿಶುಗೀತೆಯಲ್ಲಿ ಅರ್ಥಸ್ಪಷ್ಟತೆಯನ್ನು ಕೇಳಿದವನು, ಅಸ್ಪಷ್ಟತೆಯನ್ನೇ ಆಳವೆಂದು ಮೆರೆಸುವ ಕವಿತೆಯ ಮುಂದೆ ಸುಮ್ಮನೆ ತಲೆದೂಗನು. ಗ್ರಂಥಕರ್ತನ ಪದವಿಯನ್ನೂ ಮುನ್ನುಡಿಕಾರನ ಕೀರ್ತಿಯನ್ನೂ ನೋಡಿ ಬರೆಯುವ ವಿಮರ್ಶೆ ಇಂದು ಹಿರಿಯರ ಪುಸ್ತಕಗಳನ್ನು ಕಾಡುತ್ತಿರುವ ರೋಗ. ಪದವಿಯನ್ನಾಗಲಿ ಮುನ್ನುಡಿಯನ್ನಾಗಲಿ ಲೆಕ್ಕಿಸದ ಓದುಗನಿಗಾಗಿ ಬರೆದ ಪುಸ್ತಕಗಳ ಸಹವಾಸವು ಅದಕ್ಕೆ ಒಳ್ಳೆಯ ಔಷಧ.

ಆದಕಾರಣ ಜಿಲ್ಲೆಯ ಸಾಹಿತ್ಯಸಂಘಗಳೂ ಅವುಗಳ ಪತ್ರಿಕೆಗಳೂ ಮಾಡತಕ್ಕ ಕೆಲಸ ಸ್ಪಷ್ಟವಾಗಿದೆ. ಬಂದ ಪುಸ್ತಕಗಳೆಲ್ಲ ಒಂದೇ ಮೇಜಿನ ಮೇಲೆ ಕೂಡಲಿ; ಕಾದಂಬರಿಯ ಪಕ್ಕದಲ್ಲಿ ಶಿಶುಗೀತೆಯೂ, ಶಾಸನಸಂಪುಟದ ಪಕ್ಕದಲ್ಲಿ ಬಣ್ಣದ ಚಿತ್ರಗಳ ಕತೆಯೂ ವಿಮರ್ಶೆಗೆ ಕುಳಿತುಕೊಳ್ಳಲಿ. ಮಕ್ಕಳ ಪುಸ್ತಕವನ್ನು ವಿಮರ್ಶಿಸುವವನು ಅದನ್ನು ಒಮ್ಮೆಯಾದರೂ ಒಂದು ಮಗುವಿನ ಮುಂದೆ ಗಟ್ಟಿಯಾಗಿ ಓದಿಯೇ ಲೇಖನಿಯನ್ನು ಹಿಡಿಯಲಿ. ಒಳ್ಳೆಯದನ್ನು ಕಾರಣ ಕೊಟ್ಟು ಹೊಗಳಲಿ, ಕೆಟ್ಟುದನ್ನು ಕಾರಣ ಕೊಟ್ಟು ತೆಗಳಲಿ. 'ಉಪಯುಕ್ತ'ವೆಂಬ ಒಂದು ಪದಕ್ಕೆ ಮಾತ್ರ ಕೆಲವು ವರ್ಷ ವಿಶ್ರಾಂತಿ ಕೊಡಲಿ. ಕನ್ನಡದ ಪುಸ್ತಕಗಳನ್ನು ಮುಂದೆ ಕೊಳ್ಳಬೇಕಾದವರು, ಓದಬೇಕಾದವರು, ಬರೆಯಬೇಕಾದವರು ಇಂದು ಆ ಪಂಕ್ತಿಯ ತುದಿಯಲ್ಲಿ, ಬರಿಯ ಎಲೆಯ ಮುಂದೆ ಕುಳಿತಿರುವರು. ಅವರು ಎದ್ದುಹೋಗುವ ಮೊದಲೇ ಬಡಿಸುವುದು ಜಾಣತನ.