ಹವ್ಯಾಸಿಯ ಕಿರುಚಿತ್ರ

ಕನ್ನಡದಲ್ಲಿ 'ಹವ್ಯಾಸಿ' ಎಂಬ ಮಾತಿಗೆ ಗೌರವದ ಒಂದು ಇತಿಹಾಸವಿದೆ. ವೃತ್ತಿ ನಾಟಕ ಕಂಪನಿಗಳು ಅರಮನೆ, ಅರಣ್ಯಗಳ ಬಣ್ಣದ ಪರದೆಗಳಿಂದಲೂ ಜರತಾರಿಯ ಉಡುಪುಗಳಿಂದಲೂ ಪ್ರೇಕ್ಷಕರನ್ನು ಬೆರಗುಗೊಳಿಸುತ್ತಿದ್ದ ಕಾಲದಲ್ಲಿ ಟಿ. ಪಿ. ಕೈಲಾಸಂ ಅವರ ನಾಟಕಗಳನ್ನು ಎತ್ತಿಕೊಂಡವರು ಹವ್ಯಾಸಿಗಳು. ಹಗಲೆಲ್ಲ ತಮ್ಮ ತಮ್ಮ ಕೆಲಸಗಳಲ್ಲಿದ್ದು ಸಂಜೆ ಅಭ್ಯಾಸಕ್ಕೆ ಸೇರುತ್ತಿದ್ದ ಅವರಿಗೆ ಕಂಪನಿಗಳ ವೈಭವ ಎಟುಕುವಂತಿರಲಿಲ್ಲ. ಎಟುಕದ್ದಕ್ಕೆ ಅವರು ಕೈಚಾಚಲೂ ಇಲ್ಲ. ಒಂದು ಮನೆಯ ಹಜಾರ, ನಾಲ್ಕು ಕುರ್ಚಿ, ಮನೆಮಂದಿ ದಿನವೂ ಆಡುವ ಮಾತು, ಇಷ್ಟರಿಂದಲೇ ಕಂಪನಿಗಳು ಕೊಡಲಾರದ ನಾಟಕವನ್ನು ಅವರು ಕೊಟ್ಟರು.

ಅಂಥ ಅವಕಾಶ ಇಂದು ಚಲನಚಿತ್ರದ ಕ್ಷೇತ್ರದಲ್ಲಿ ಒದಗಿದೆ. ಶಾಲೆ, ಕಾಲೇಜು, ಸಂಘಸಂಸ್ಥೆಗಳು ಕಿರುಚಿತ್ರ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ಚಿತ್ರವು ಇಷ್ಟು ನಿಮಿಷಗಳನ್ನು ಮೀರಬಾರದು, ಇಂಥ ದಿನದೊಳಗೆ ತಲುಪಬೇಕು ಎಂಬ ಕೆಲವು ನಿಯಮಗಳಿರುತ್ತವೆ. ಚಿತ್ರೀಕರಣಕ್ಕೆ ಮನೆಯಲ್ಲಿರುವ ಒಂದು ಮೊಬೈಲ್ ಸಾಕು. ಹೀಗಿದ್ದರೂ ಸ್ಪರ್ಧೆಗೆ ಬರುವ ಚಿತ್ರಗಳಲ್ಲಿ ಅನೇಕವು ಒಂದನ್ನೊಂದು ಹೋಲುತ್ತವೆ. ನಾಯಕನು ಧೂಳೆಬ್ಬಿಸುತ್ತ ನಿಧಾನಗತಿಯಲ್ಲಿ ನಡೆದುಬರುತ್ತಾನೆ. ಯಾವುದೋ ಪ್ರಸಿದ್ಧ ಚಿತ್ರದ ಸಂಗೀತ ಹಿನ್ನೆಲೆಯಲ್ಲಿ ಮೊರೆಯುತ್ತದೆ. ಮೀಸೆ ಮೂಡದ ಹುಡುಗನೊಬ್ಬನು ಮೀಸೆ ಅಂಟಿಸಿಕೊಂಡು ಪೊಲೀಸ್ ಅಧಿಕಾರಿಯಾಗುತ್ತಾನೆ. ಕೊನೆಗೆ ಒಂದು ನೀತಿವಾಕ್ಯ ದಪ್ಪ ಅಕ್ಷರಗಳಲ್ಲಿ ಮೂಡಿ ನಿಲ್ಲುತ್ತದೆ. ಕೋಟಿಗಟ್ಟಲೆ ಹಣ ಸುರಿದು ಮಾಡಿದ ಚಿತ್ರವನ್ನು ಬರಿಗೈಯಲ್ಲಿ ಅನುಕರಿಸಹೊರಟರೆ ಅಣಕವಲ್ಲದೆ ಇನ್ನೇನು ಹುಟ್ಟೀತು? ಸೋತಾಗ ದೂರೆಲ್ಲ ಸಲಕರಣೆಯ ಮೇಲೆ: ಒಳ್ಳೆಯ ಕ್ಯಾಮರಾ ಇರಲಿಲ್ಲ, ದೀಪಗಳಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕ್ಯಾಮರಾ ಇಲ್ಲವೆಂಬ ಕೊರತೆ ನಿಜವಾಗಿಯೂ ಇದ್ದವರೊಬ್ಬರ ಕಥೆ ಇಲ್ಲಿ ಸ್ಮರಣೀಯವಾಗಿದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಪಟ್ಟಣದಲ್ಲಿ 1914ರಲ್ಲಿ ಜನಿಸಿದ ನಾರ್ಮನ್ ಮೆಕ್‌ಲಾರೆನ್ 1932ರಲ್ಲಿ ಗ್ಲಾಸ್ಗೋ ನಗರದ ಕಲಾಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. ಚಲನಚಿತ್ರ ಮಾಡಬೇಕೆಂಬ ಹಂಬಲವೇನೋ ಇತ್ತು, ಕ್ಯಾಮರಾ ಇರಲಿಲ್ಲ. ಅವರು ಓಡಿ ಸವೆದಿದ್ದ ಹಳೆಯ ಫಿಲ್ಮಿನ ಸುರುಳಿಯೊಂದನ್ನು ಸಂಪಾದಿಸಿ, ನೀರಿನಲ್ಲಿ ನೆನೆಯಿಸಿ, ಅದರ ಮೇಲಿದ್ದ ಚಿತ್ರದ ಲೇಪವನ್ನು ತೊಳೆದು ತೆಗೆದರು. ಗಾಜಿನಂತೆ ತಿಳಿಯಾಗಿ ಉಳಿದ ಸುರುಳಿಯ ಮೇಲೆ ಕುಂಚದಿಂದ ಬಣ್ಣದ ಶಾಯಿಯಲ್ಲಿ ತಾವೇ ಆಕಾರಗಳನ್ನು ಬರೆದು ಪ್ರೊಜೆಕ್ಟರಿನಲ್ಲಿ ಓಡಿಸಿದರು. ಪರದೆಯ ಮೇಲೆ ಬಣ್ಣಗಳು ಕುಣಿದವು. ಬಡತನದಿಂದ ಹುಟ್ಟಿದ ಈ ಉಪಾಯವೇ ಮುಂದೆ ಅವರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿತೆಂಬುದು ಆಶ್ಚರ್ಯವಾದರೂ ಸತ್ಯ. ಕೈತುಂಬ ಸಾಮಗ್ರಿ ಇದ್ದಿದ್ದರೆ ಅದು ಅವರಿಗೆ ಹೊಳೆಯುತ್ತಿತ್ತೇ ಎಂಬುದು ಸಂದೇಹ.

ಅನಂತರ ಕ್ಯಾಮರಾ ಕೈಗೆ ಬಂದಾಗ ಮೆಕ್‌ಲಾರೆನ್ ಚಿತ್ರಿಸಿದ್ದು ಯಾವ ಸಾಹಸಕಥೆಯನ್ನೂ ಅಲ್ಲ. ತಾವು ನಿತ್ಯ ಓಡಾಡುತ್ತಿದ್ದ ಆ ಕಲಾಶಾಲೆಯ ಒಂದು ದಿನವನ್ನು. 1933ರ ಆ ಮೂಕಚಿತ್ರಕ್ಕೆ 'ಸೆವೆನ್ ಟಿಲ್ ಫೈವ್' ಎಂದು ಹೆಸರು. ಸ್ಕಾಟ್ಲೆಂಡಿನ ಹವ್ಯಾಸಿ ಚಲನಚಿತ್ರೋತ್ಸವದಲ್ಲಿ ಅದಕ್ಕೆ ಬಹುಮಾನ ಬಂತು. ಅದೇ ಉತ್ಸವಕ್ಕೆ ಮುಂದೆ ಕಳುಹಿಸಿದ ಚಿತ್ರಗಳನ್ನು ತೀರ್ಪುಗಾರರಾಗಿ ನೋಡಿದವರು ಬ್ರಿಟನ್ನಿನ ಸಾಕ್ಷ್ಯಚಿತ್ರ ಚಳವಳಿಯ ನೇತಾರ ಜಾನ್ ಗ್ರಿಯರ್ಸನ್. ಅವರು ಆ ತರುಣನನ್ನು ಲಂಡನ್ನಿನ ಅಂಚೆ ಇಲಾಖೆಯ ಚಿತ್ರ ಘಟಕಕ್ಕೆ ಕರೆಸಿಕೊಂಡರು. ಮೆಕ್‌ಲಾರೆನ್ ಮುಂದೆ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯಲ್ಲಿ ನೆಲೆಸಿದರು. ಯುನೆಸ್ಕೋ ಸಂಸ್ಥೆಯ ಪರವಾಗಿ ಭಾರತಕ್ಕೂ ಬಂದುಹೋದರು. 1952ರಲ್ಲಿ ತಯಾರಾಗಿ ಆಸ್ಕರ್ ಪ್ರಶಸ್ತಿ ಪಡೆದ ಅವರ 'ನೇಬರ್ಸ್' ಚಿತ್ರದಲ್ಲಿ ಇರುವುದಾದರೂ ಏನು? ಇಬ್ಬರು ನೆರೆಯವರು, ಎರಡು ಕುರ್ಚಿ, ಮನೆಗಳೆಂದು ನಿಲ್ಲಿಸಿದ ಎರಡು ಚಿತ್ರಫಲಕ, ಗಡಿಯ ಮೇಲೆ ಅರಳಿದ ಒಂದು ಹೂ. ಆ ಹೂವಿಗಾಗಿ ಇಬ್ಬರೂ ಹೊಡೆದಾಡಿ ಸಾಯುತ್ತಾರೆ. ವೃತ್ತಿಗೆ ಬಂದ ಮೇಲೂ ಹವ್ಯಾಸಿಯ ಮಿತವ್ಯಯ ಅವರನ್ನು ಬಿಟ್ಟುಹೋಗಲಿಲ್ಲ.

ಹಾಗಾದರೆ ಹವ್ಯಾಸಿಯು ತನ್ನ ಅಂಗಳದಲ್ಲಿ ಕಾಣುವುದನ್ನಷ್ಟೇ ಚಿತ್ರಿಸಬೇಕೆ, ದೂರದ ವಿಷಯಗಳು ಅವನಿಗೆ ನಿಷಿದ್ಧವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಇಂಗ್ಲೆಂಡಿನ ಪೀಟರ್ ವಾಟ್ಕಿನ್ಸ್ ಎಂಬ ತರುಣರು 1956ರ ಹಂಗೆರಿಯ ಜನಬಂಡಾಯವನ್ನು ಕುರಿತು 1961ರಲ್ಲಿ ಒಂದು ಹವ್ಯಾಸಿ ಚಿತ್ರ ಮಾಡಿದರು. ಬುಡಾಪೆಸ್ಟ್ ನಗರಕ್ಕೆ ಹೋಗುವ ಮಾತೆಲ್ಲಿ ಬಂತು? ಇಂಗ್ಲೆಂಡಿನ ಕ್ಯಾಂಟರ್ಬರಿ ಪಟ್ಟಣದ ಹಿಂಬದಿಯ ಬೀದಿಗಳೇ ಬುಡಾಪೆಸ್ಟ್ ಆದವು. ಸ್ಥಳೀಯ ಹವ್ಯಾಸಿ ನಟರೇ ಬಂಡಾಯಗಾರರಾದರು. ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ ಬಂಡಾಯದ ಛಾಯಾಚಿತ್ರಗಳನ್ನು ವಾಟ್ಕಿನ್ಸ್ ಪರಿಶೀಲಿಸಿದ್ದರು. ಕೈಯಲ್ಲಿ ಹಿಡಿದ ಕ್ಯಾಮರಾ ಅಲುಗುತ್ತಿತ್ತು. ಮುಖಗಳು ಚೌಕಟ್ಟಿನ ತೀರ ಹತ್ತಿರಕ್ಕೆ ಬರುತ್ತಿದ್ದವು. ಸಿರಿವಂತ ಚಿತ್ರದಲ್ಲಿ ದೋಷವೆನಿಸಬಹುದಾದದ್ದು ಇಲ್ಲಿ ವಾರ್ತಾಚಿತ್ರದ ಸತ್ಯವಾಗಿ ಕಂಡಿತು. 'ದಿ ಫರ್ಗಾಟನ್ ಫೇಸಸ್' ಎಂಬ ಈ ಚಿತ್ರವು 'ಅಮೆಚ್ಯೂರ್ ಸಿನೆ ವರ್ಲ್ಡ್' ಪತ್ರಿಕೆಯು ಪ್ರತಿವರ್ಷ ನಡೆಸುತ್ತಿದ್ದ ಹತ್ತು ಉತ್ತಮ ಚಿತ್ರಗಳ ಸ್ಪರ್ಧೆಯಲ್ಲಿ ಆಯ್ಕೆಯಾಯಿತು. ವಿಷಯ ದೂರದ್ದಾದರೂ ಅದರ ಮೇಲಿನ ಕಳಕಳಿ ಮಾಡಿದವರದೇ ಆಗಿತ್ತು. ಎರವಲು ತಂದುಕೊಳ್ಳಲಾಗದ ವಸ್ತುವೆಂದರೆ ಇದೊಂದೇ.

ಆ ಕಾಲದ ಹವ್ಯಾಸಿಗೆ ಮತ್ತೊಂದು ಶಿಸ್ತು ತಾನಾಗಿಯೇ ಒದಗುತ್ತಿತ್ತು. ಹದಿನಾರು ಮಿಲಿಮೀಟರ್ ಅಗಲದ, ನೂರು ಅಡಿ ಉದ್ದದ ಒಂದು ಫಿಲ್ಮ್ ಸುರುಳಿಯಲ್ಲಿ ಸುಮಾರು 4000 ಚೌಕಟ್ಟುಗಳು. ಸೆಕೆಂಡಿಗೆ 24ರಂತೆ ಓಡಿದರೆ ಮೂರು ನಿಮಿಷವೂ ತುಂಬುವ ಮೊದಲೇ ಸುರುಳಿ ಮುಗಿದುಹೋಗುತ್ತಿತ್ತು. ಕೊಳ್ಳಲು ಹಣ, ಸಂಸ್ಕರಿಸಲು ಮತ್ತೆ ಹಣ. ಆದ್ದರಿಂದ ಗುಂಡಿ ಒತ್ತುವ ಮುನ್ನ ಹತ್ತು ಬಾರಿ ಯೋಚಿಸುವುದು ಅನಿವಾರ್ಯವಾಗಿತ್ತು. ಮೊಬೈಲಿನಲ್ಲಿ ಈ ಭಯವಿಲ್ಲ. ಗಂಟೆಗಟ್ಟಲೆ ಚಿತ್ರೀಕರಿಸಿ, ಆಮೇಲೆ ಸಂಕಲನದಲ್ಲಿ ನೋಡಿಕೊಂಡರಾಯಿತೆಂಬ ಉದಾಸೀನಕ್ಕೆ ಇದೇ ಕಾರಣ. ಸಂಕಲನವಾದರೋ ಇದ್ದುದರಲ್ಲಿ ಆರಿಸಬಲ್ಲದೇ ಹೊರತು ಇಲ್ಲದ್ದನ್ನು ಸೃಷ್ಟಿಸಲಾರದು. ಪ್ರತಿಯೊಂದು ದೃಶ್ಯವನ್ನೂ ಮೊದಲು ಕಾಗದದ ಮೇಲೆ ಬರೆದು, ಇದನ್ನು ತೆಗೆದರೆ ಕಥೆಗೆ ಕೊರತೆಯಾಗುವುದೇ ಎಂದು ಕೇಳಿಕೊಳ್ಳುವ ಹವ್ಯಾಸಿಗೆ ಆ ಹಳೆಯ ಸುರುಳಿಯ ಲಾಭ ಇಂದಿಗೂ ದೊರೆಯುತ್ತದೆ.

ಧ್ವನಿಯ ವಿಷಯದಲ್ಲಂತೂ ಅಲಕ್ಷ್ಯ ಇನ್ನೂ ಹೆಚ್ಚು. ಮಸುಕಾದ ಚಿತ್ರವನ್ನು ಪ್ರೇಕ್ಷಕನು ಸಹಿಸಿಯಾನು. ಕೇಳಿಸದ ಮಾತನ್ನು ಸಹಿಸಲಾರನು. ನಟನು ಹತ್ತು ಮಾರು ದೂರದಲ್ಲಿ ನಿಂತು ಮಾತನಾಡಿದರೆ ಮೊಬೈಲಿಗೆ ಕೇಳಿಸುವುದು ಗಾಳಿ, ಫ್ಯಾನು, ಬೀದಿಯ ವಾಹನಗಳು. ಇನ್ನೊಂದು ಮೊಬೈಲನ್ನು ನಟನ ಅಂಗಿಯ ಜೇಬಿನಲ್ಲಿಟ್ಟು ಧ್ವನಿಯನ್ನು ಪ್ರತ್ಯೇಕವಾಗಿ ಹಿಡಿದುಕೊಳ್ಳಬಹುದು; ಇದಕ್ಕೆ ಖರ್ಚೇನೂ ಇಲ್ಲ. ಸಂಗೀತಕ್ಕೂ ಸಿನಿಮಾ ಹಾಡನ್ನು ಎತ್ತಿಕೊಳ್ಳಬೇಕಾಗಿಲ್ಲ. ಅದು ಬೇರೆಯವರ ಸ್ವತ್ತು. 1957ರ ಕೃತಿಸ್ವಾಮ್ಯ ಅಧಿನಿಯಮದ ಮಾತು ಒತ್ತಟ್ಟಿಗಿರಲಿ, ಕೇಳಿದ ಹಾಡು ಬಂದೊಡನೆ ನೋಡುವವನ ಮನಸ್ಸು ಆ ಹಾಡಿನ ಚಿತ್ರಕ್ಕೆ ಓಡಿಹೋಗುತ್ತದೆ. ತರಗತಿಯಲ್ಲಿ ಕೊಳಲು ಬಲ್ಲ ಒಬ್ಬ ಹುಡುಗಿ ಇದ್ದರೆ ಅವಳ ಐದು ಸ್ವರಗಳೇ ಮೇಲು.

ಇನ್ನು ಸ್ಪರ್ಧೆಯ ಮಾತು. ಕಲೆಗೆ ಸ್ಪರ್ಧೆ ಸಲ್ಲದೆಂದು ವಾದಿಸುವವರಿದ್ದಾರೆ. ಆ ವಾದ ಪೂರ್ತಿ ನಿಲ್ಲುವಂಥದಲ್ಲ. ಕೊನೆಯ ದಿನಾಂಕವೊಂದು ಇಲ್ಲದಿದ್ದರೆ ಎಷ್ಟೋ ಚಿತ್ರಗಳು ಹರಟೆಯಲ್ಲಿಯೇ ಉಳಿದುಬಿಡುತ್ತವೆ. ಬಂಧುಮಿತ್ರರು ಏನು ಮಾಡಿದರೂ ಚೆನ್ನಾಗಿದೆ ಎನ್ನುತ್ತಾರೆ. ಮುಖಪರಿಚಯವಿಲ್ಲದ ತೀರ್ಪುಗಾರರಿಗೆ ಆ ದಾಕ್ಷಿಣ್ಯವಿರುವುದಿಲ್ಲ. ಇವೆರಡೂ ದೊಡ್ಡ ಉಪಕಾರಗಳೇ. ಅಪಾಯವಿರುವುದು ಇನ್ನೊಂದೆಡೆ. ಕಳೆದ ವರ್ಷ ಯಾವುದಕ್ಕೆ ಬಹುಮಾನ ಬಂತು, ತೀರ್ಪುಗಾರರಿಗೆ ಕಣ್ಣೀರು ಇಷ್ಟವೋ ಪರಿಸರ ಇಷ್ಟವೋ ಎಂದು ಲೆಕ್ಕ ಹಾಕುತ್ತ ಕುಳಿತವನು ತನ್ನ ಚಿತ್ರವನ್ನು ಆರಂಭಕ್ಕೆ ಮೊದಲೇ ಪರರಿಗೆ ಒಪ್ಪಿಸಿಬಿಟ್ಟಂತಾಯಿತು. ವೃತ್ತಿಯವನಿಗೆ ಹಣ ಹೂಡಿದವರ ಅಂಕೆ ಇರುತ್ತದೆ. ಅವನು ಅವರ ಮಾತು ಕೇಳದೆ ವಿಧಿಯಿಲ್ಲ. ಹವ್ಯಾಸಿಗೆ ಇರುವ ಏಕೈಕ ಸಂಪತ್ತೆಂದರೆ ಯಾರ ಅಂಕೆಯೂ ಇಲ್ಲದಿರುವುದು. ಅದನ್ನು ಒಂದು ಫಲಕದ ಆಸೆಗೆ ಮಾರಿಕೊಳ್ಳುವುದು ಎಂಥ ವ್ಯಾಪಾರ!

ಇತ್ತೀಚಿನ ಒಂದು ಕನ್ನಡ ಚಿತ್ರ ಈ ಪ್ರಸಂಗದಲ್ಲಿ ನೆನಪಾಗುತ್ತದೆ. ಅದನ್ನು ಮಾಡಿದವರು ಕಟ್ಟುನಿಟ್ಟಿನ ಅರ್ಥದಲ್ಲಿ ಹವ್ಯಾಸಿಗಳಲ್ಲ, ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಗಳು. ನಿರ್ದೇಶಕ ಚಿದಾನಂದ ಎಸ್. ನಾಯ್ಕ್ ಅವರು ಮೊದಲು ವೈದ್ಯಶಾಸ್ತ್ರ ಓದಿದವರು. ಸೂರ್ಯಕಾಂತಿಗಳಿಗೇ ಮೊದಲು ತಿಳಿಯಿತೆಂಬ ಅರ್ಥದ ಹೆಸರುಳ್ಳ ಅವರ ಸುಮಾರು 16 ನಿಮಿಷಗಳ ಚಿತ್ರವು 2024ರಲ್ಲಿ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಗಳಿಸಿತು. ಜಗತ್ತಿನ ನಾನಾ ಕಡೆಯ ಚಿತ್ರಶಾಲೆಗಳಿಂದ ಆ ವಿಭಾಗಕ್ಕೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು. ಇಷ್ಟು ದೂರ ಹೋದ ಚಿತ್ರದ ಕಥೆ ಯಾವುದು? ಮುದುಕಿಯೊಬ್ಬಳು ಹಳ್ಳಿಯ ಕೋಳಿಹುಂಜವನ್ನು ಕದ್ದೊಯ್ಯುತ್ತಾಳೆ. ಕೂಗುವ ಕೋಳಿ ಇಲ್ಲದೆ ಸೂರ್ಯ ಹುಟ್ಟುವುದಿಲ್ಲ. ಊರೆಲ್ಲ ಕತ್ತಲೆಯಲ್ಲಿ ಮುಳುಗುತ್ತದೆ. ಕೋಳಿಯ ಈ ಮುದುಕಿ ಕರ್ನಾಟಕದ ಮಕ್ಕಳಿಗೆ ಹಳೆಯ ಪರಿಚಯದವಳು. ಕಾನ್ ನಗರದಲ್ಲಿ ಕುಳಿತು ನೋಡಿದವರಲ್ಲಿ ಬಹುಪಾಲು ಮಂದಿ ಆಕೆಯ ಸುದ್ದಿಯನ್ನು ಅಂದೇ ಮೊದಲ ಬಾರಿಗೆ ಕೇಳಿರಬೇಕು.