ಟ್ಯಾಂಕ್ ಖಾಲಿ ಅಂತ ಐರನ್ ಇಡಬೇಡಿ: ಸೋರುವ ಪ್ಲಾಸ್ಟಿಕ್ ಟ್ಯಾಂಕ್ ರಿಪೇರಿಯ ಅಸಲಿ ಅಪಾಯ

ಮಳೆಗಾಲ ಬಂತೆಂದರೆ ತೋಟಗಳಲ್ಲಿ ಕಳೆ ಕೊಚ್ಚುವ ಮೆಷಿನ್, ಪವರ್ ಸ್ಪ್ರೇಯರ್‌ಗಳಿಗೆ ಬಿಡುವಿಲ್ಲ. ಇವುಗಳ ಪೆಟ್ರೋಲ್ ಟ್ಯಾಂಕ್ ಹೆಚ್ಚಾಗಿ ಪ್ಲಾಸ್ಟಿಕ್‌ನದ್ದು. ಸೋರಲು ಶುರುವಾದರೆ ಜನ ಮಾಡೋದು ಎರಡೇ ಕೆಲಸ. ಒಂದು, ಎಂಸೀಲ್‌ನಂಥ ಅಂಟು ಮೆತ್ತುವುದು. ಇನ್ನೊಂದು, ಸೋಲ್ಡರಿಂಗ್ ಐರನ್ ಕಾಯಿಸಿ ಬಿರುಕು ಕೂಡಿಸುವುದು. ಮೊದಲನೆಯದು ಬಹಳ ದಿನ ನಿಲ್ಲಲ್ಲ, ಎರಡನೆಯದು ಜೀವಕ್ಕೇ ಕುತ್ತು.

ಅಂಟು ಯಾಕೆ ಹಿಡಿಯಲ್ಲ?

ಈ ಟ್ಯಾಂಕ್‌ಗಳಲ್ಲಿ ಹೆಚ್ಚಿನವು ಪಾಲಿಎಥಿಲಿನ್‌ನವು. ಅದರ ಮೈ ಮೇಣದ ಹಾಗೆ, ಅಂಟು ಕಚ್ಚಿಕೊಳ್ಳುವುದಿಲ್ಲ. ಇಂಜಿನ್ ಅದುರಿದಂತೆ ಬಿಟ್ಟುಕೊಳ್ಳುತ್ತದೆ.

ಖಾಲಿ ಟ್ಯಾಂಕೇ ಹೆಚ್ಚು ಅಪಾಯ

ಹೊತ್ತಿಕೊಳ್ಳುವುದು ಪೆಟ್ರೋಲ್ ಅಲ್ಲ, ಅದರ ಆವಿ. ಗಾಳಿಯಲ್ಲಿ ಸುಮಾರು ಶೇ. 1.4ರಷ್ಟು ಆವಿ ಇದ್ದರೂ ಒಂದು ಕಿಡಿ ಸಾಕು. ಖಾಲಿ ಟ್ಯಾಂಕ್‌ನಲ್ಲಿ ಗಾಳಿ, ಆವಿ ಎರಡೂ ಬೆರೆತಿರುತ್ತವೆ. ತೊಳೆದರೂ ಪ್ಲಾಸ್ಟಿಕ್ ಹೀರಿಕೊಂಡಿದ್ದ ಪೆಟ್ರೋಲ್ ಮತ್ತೆ ಆವಿಯಾಗಿ ಹೊರಬರುತ್ತದೆ. ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿಯುತ್ತದೆ. ಸಾಲು ಅಂಗಡಿಗಳಲ್ಲಿ ಪಕ್ಕದ ಹೋಟೆಲ್ ಒಲೆವರೆಗೂ ಹೋಗಬಲ್ಲದು. ಹಾಗಾಗಿ ಇದು ಮೆಕ್ಯಾನಿಕ್ ಒಬ್ಬರ ತಲೆನೋವಲ್ಲ, ಇಡೀ ಸಾಲಿನದ್ದು.

ಸೋರೋದು ಟ್ಯಾಂಕೇನಾ?

ಎಷ್ಟೋ ಸಲ ಟ್ಯಾಂಕ್ ಸರಿಯಿದ್ದು, ಪೈಪ್ ಅಥವಾ ರಬ್ಬರ್ ವಾಷರ್ ಹಾಳಾಗಿರುತ್ತದೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಈಗ ಬಂಕ್‌ಗಳಲ್ಲಿ ಸಿಗೋದು ಬಹುತೇಕ ಅದೇ. ಎಥೆನಾಲ್‌ಗೆ ತಕ್ಕಂತೆ ಮಾಡದ ಹಳೇ ರಬ್ಬರ್ ಉಬ್ಬಿ ಬಿರುಕು ಬಿಡುತ್ತದೆ. ಪೈಪ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಟ್ಯಾಂಕ್ ಸುಡುವುದು ಬೇಡ.

ಏನು ಮಾಡಬೇಕು?

* ಮೆಷಿನ್ ಆಫ್ ಮಾಡಿ, ಇಂಜಿನ್ ಆರಿದ ಮೇಲೆ ಬಯಲಿಗೆ ತನ್ನಿ. ಹತ್ತಿರ ಬೀಡಿ, ಒಲೆ, ಗ್ರೈಂಡರ್ ಇರಬಾರದು.
* ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಕ್ಯಾನ್‌ಗೆ ಇಳಿಸಿ. ನೀರಿನ ಬಾಟಲಿ ಬೇಡ, ಚರಂಡಿಗಂತೂ ಸುರಿಯಬೇಡಿ.
* ಮೊದಲು ಪೈಪ್, ವಾಷರ್, ಮುಚ್ಚಳ ನೋಡಿ.
* ಟ್ಯಾಂಕೇ ಒಡೆದಿದ್ದರೆ ಹೊಸದು ಹಾಕಿ. ಅಂಟು ಹಚ್ಚಿ ಮತ್ತೆ ಪೆಟ್ರೋಲ್ ತುಂಬಬೇಡಿ.
* ಪ್ಲಾಸ್ಟಿಕ್ ವೆಲ್ಡಿಂಗ್ ಬೇಕೇ ಬೇಕೆಂದರೆ, ಆವಿ ಪೂರ್ತಿ ತೆಗೆಯುವ ವ್ಯವಸ್ಥೆ ಇರುವ ನುರಿತವರಿಗೆ ಮಾತ್ರ ಕೊಡಿ.

ತೊಡಕು ಇರೋದು ಸ್ಪೇರ್‌ನಲ್ಲಿ. ಸೀಸನ್ ನಡುವೆ ಟ್ಯಾಂಕ್ ಸಿಗದಿದ್ದರೆ ರೈತ ನಾಲ್ಕು ದಿನ ಕಾಯಲಾರ, ಐರನ್ ಕಾಯಿಸುವವರನ್ನೇ ಹುಡುಕುತ್ತಾನೆ. ಮೆಷಿನ್ ಮಾರುವ ಅಂಗಡಿಗಳು ಮಳೆಗೆ ಮೊದಲೇ ಓಡುವ ಮಾಡೆಲ್‌ಗಳ ಟ್ಯಾಂಕ್, ಪೈಪ್ ತರಿಸಿಟ್ಟರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ. ಉಳಿದರ್ಧ, 'ಇದು ನನ್ನಿಂದ ಆಗಲ್ಲ' ಅಂತ ಮೆಕ್ಯಾನಿಕ್ ಹೇಳಿದಾಗ ಗಿರಾಕಿ ಒಪ್ಪಿಕೊಳ್ಳುವುದರಲ್ಲಿದೆ.